ಗಿರಣಿಯವ ಕ್ಯಾಂಪಿಗೆ ಹೋಗ್ಯಾನ

ಬೈಲಹೊಂಗಲ ಸೀಮೆಯ ನಮ್ಮೂರಲ್ಲಿ ನನಗೆ ಎರಡು ಹೆಸರು. ಜೋಳ, ಗೋದಿ ಬೀಸಿಸಿಕೊಳ್ಳಲು ಬರುವ ಹೆಣ್ಣುಮಕ್ಕಳಿಗೆ ನಾನು ಗಿರಣಿ ಅಣ್ಣಾರು. ಚಹಾದಂಗಡಿ ಕಟ್ಟೆಯ ಗಂಡಸರಿಗೆ ಅರ್ಧ ಮಿಲ್ಟ್ರಿ. ಎರಡನೆಯದರಲ್ಲಿ ಸ್ವಲ್ಪ ಕುಹಕವಿದೆ, ಆದರೆ ಸುಳ್ಳೇನಿಲ್ಲ. ಪ್ರಾದೇಶಿಕ ಸೇನೆ, ಬಾಯಿಮಾತಿನಲ್ಲಿ ಟಿಎ, ಹುಟ್ಟಿದ್ದೇ ಇಂಥ ಅರ್ಧದವರನ್ನು ನಂಬಿಕೊಂಡು. ಊರಲ್ಲಿ ನಿನ್ನದೊಂದು ದುಡಿಮೆ ಇರಲಿ, ವರ್ಷಕ್ಕೊಮ್ಮೆ ಬಂದು ಬಂದೂಕಿನ ಕೈ ಸಾಣೆ ಹಿಡಿದುಕೊಂಡು ಹೋಗು, ಕರೆದಾಗ ಬಾ. ಒಪ್ಪಂದ ಇಷ್ಟೇ.

ಇದರ ಕಾಯಿದೆ 1948ರದು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರು ಟಿಎ ಉದ್ಘಾಟಿಸಿದರು. ಆಗ ಸೇನೆಯ ಮುಖ್ಯಸ್ಥರು ನಮ್ಮ ಕೊಡಗಿನ ಕಾರ್ಯಪ್ಪನವರು. ಯುದ್ಧ ಬಂದರೆ ಖಾಯಂ ಸೈನ್ಯ ಗಡಿಗೆ ಹೋಗುತ್ತದೆ. ಹಿಂದೆ ಸೇತುವೆ, ರೈಲು, ತೈಲದ ಟಾಕಿ ಕಾಯುವವರು ಬೇಕು. ಅದಕ್ಕಾಗಿ ವರ್ಷವಿಡೀ ಸಂಬಳ ಕೊಟ್ಟು ಜನ ಇಟ್ಟುಕೊಳ್ಳುವುದು ಯಾವ ಸರ್ಕಾರಕ್ಕೂ ಭಾರವೇ. 1962, 1965, 1971ರ ಯುದ್ಧಗಳಲ್ಲೂ ಟಿಎ ಪಡೆಗಳು ದುಡಿದಿವೆ. ರೈಲ್ವೆ ಮತ್ತು ತೈಲ ಕಂಪನಿಗಳ ನೌಕರರದ್ದೇ ಬೇರೆ ತುಕಡಿಗಳಿವೆ. ಮಸ್ಸೂರಿಯ ಬೆಟ್ಟಗಳನ್ನು ಸುಣ್ಣಕಲ್ಲಿನ ಗಣಿಗಳು ಬೋಳಿಸಿದ್ದಾಗ, 1982ರಲ್ಲಿ ಮಾಜಿ ಸೈನಿಕರ ಟಿಎ ಬೆಟಾಲಿಯನ್ ಒಂದನ್ನು ಗಿಡ ನೆಡಲೆಂದೇ ಕಟ್ಟಿದರು. ಇಷ್ಟು ಹೇಳಿದರೂ ನಮ್ಮೂರ ಹುಡುಗರಿಗೆ ಗೊತ್ತಿರುವುದು ಧೋನಿ ಒಬ್ಬನೇ. ಅವನ ಗೌರವ ಪದವಿ ಟಿಎಯ ಪ್ಯಾರಾಚೂಟ್ ಪಡೆಯದು, ಆ ಬೆಟಾಲಿಯನ್ನಿನ ನೆಲೆ ಬೆಂಗಳೂರು. ನನ್ನನ್ನು ಧೋನಿಯ ಸಹೋದ್ಯೋಗಿ ಎಂದು ಮದುವೆ ಮನೆಗಳಲ್ಲಿ ಪರಿಚಯಿಸುವವರಿದ್ದಾರೆ. ನಾನೂ ಬೇಡ ಅನ್ನುವುದಿಲ್ಲ.

ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ನಂಟಿರುವ 115ನೇ ಟಿಎ ಬೆಟಾಲಿಯನ್ ಇದೆ. ಭರ್ತಿ ರ‍್ಯಾಲಿ ನಡೆದಾಗ ಹಿಂದಿನ ರಾತ್ರಿಯೇ ಬೇರೆ ರಾಜ್ಯದ ಹುಡುಗರೂ ಬಂದು ರಸ್ತೆ ಬದಿಗೆ ಮಲಗಿರುತ್ತಾರೆ. 160 ಸೆಂಟಿಮೀಟರ್ ಎತ್ತರ, ಉಸಿರು ಬಿಟ್ಟಾಗ 77 ಹಿಡಿದಾಗ 82 ಸೆಂಟಿಮೀಟರ್ ಎದೆ, 1.6 ಕಿಲೋಮೀಟರ್ ಓಟ, ಒಂಬತ್ತಡಿ ಗುಂಡಿ ಹಾರುವುದು, ಕಂಬಿಗೆ ಜೋತುಬಿದ್ದು ಮೈ ಮೇಲೆತ್ತುವುದು. ವಯಸ್ಸಿನ ಮಿತಿ 18ರಿಂದ 42. ಹೀಗಾಗಿ ಮೀಸೆ ಚಿಗುರುತ್ತಿರುವವನ ಪಕ್ಕದಲ್ಲಿ ಎರಡು ಮಕ್ಕಳ ತಂದೆಯೂ ಓಡುತ್ತಿರುತ್ತಾನೆ. ನಾನು ಓಡಿದ್ದು ಆ ತಂದೆಯ ಸಾಲಿನಲ್ಲಿ.

ನಿಯಮದ ಪ್ರಕಾರ ನಮ್ಮಂಥ ತುಕಡಿಗೆ ಮೊದಲ ವರ್ಷ ಒಂದು ತಿಂಗಳ ರಂಗರೂಟ್ ತರಬೇತಿ, ಆಮೇಲೆ ವರ್ಷ ವರ್ಷವೂ ಎರಡು ತಿಂಗಳ ಶಿಬಿರ. ನಗರದ ತುಕಡಿಗಳದ್ದು ಬೇರೆ ಲೆಕ್ಕ: ರಜಾದಿನಗಳಲ್ಲಿ ಹೋಗಿ ನಾಲ್ಕು ತಾಸು ಕಲಿತರೆ ಒಂದು ದಿನ. ಕಲಿಸುವವರು ಖಾಯಂ ಸೈನ್ಯದಿಂದ ಬಂದ ಉಸ್ತಾದರು. ಎಲ್ಲವೂ ಹಿಂದಿ. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್. ನಮ್ಮ ಕಡೆಯ ಒಬ್ಬ ಕುರಿಗಾರನಿಗೆ ಎಡ ಬಲ ಹಿಂದಿಯಲ್ಲಿ ಕೂಡುವ ತನಕ ಇಡೀ ಸಾಲು ರಗಡಾ ತಿಂದಿತು. ಅಂದರೆ ಉರುಳುವುದು, ತೆವಳುವುದು, ಕಪ್ಪೆಯಂತೆ ಕುಪ್ಪಳಿಸುವುದು. ಒಬ್ಬ ತಪ್ಪಿದರೆ ಎಲ್ಲರಿಗೂ. ಮೂರನೇ ದಿನ ರಾತ್ರಿ ಬ್ಯಾರಕ್ಕಿನಲ್ಲಿ ನಾವೇ ಕೂತು ಅವನಿಗೆ ಪಾಠ ಹೇಳಿದೆವು. ಉಸ್ತಾದರಿಗೆ ಬೇಕಿದ್ದದ್ದೂ ಅದೇ ಎಂದು ನನ್ನ ಗುಮಾನಿ.

ಫೈರಿಂಗ್ ರೇಂಜಿನಲ್ಲಿ ನನ್ನದು ಬೇರೆಯೇ ಅನುಕೂಲ. ಮೊದಲ ಸಲ ಇನ್ಸಾಸ್ ರೈಫಲ್ ಹಾರಿಸುವವರು ಬೆಚ್ಚುವುದು ಭುಜದ ಪೆಟ್ಟಿಗಿಂತ ಸದ್ದಿಗೆ. ಗುಂಡು ಹೊರಡುವ ಮುನ್ನವೇ ಕಣ್ಣು ಮುಚ್ಚಿ, ಟ್ರಿಗರ್ ಎಳೆಯುವ ಬದಲು ಜಗ್ಗಿಬಿಡುತ್ತಾರೆ. ಗಿರಣಿಯ ಗದ್ದಲದಲ್ಲಿ ಬೆಳೆದ ನನ್ನ ಕಿವಿಗೆ ಅದೇನು ಮಹಾ. ಅಂಗಾತಲ್ಲ, ಬೋರಲು ಮಲಗಿ, ಅರ್ಧ ಉಸಿರು ಬಿಟ್ಟು ಅರ್ಧ ಹಿಡಿದು ಐದು ಗುಂಡು ಹಾರಿಸಬೇಕು. ಆಮೇಲೆ ಉಸ್ತಾದರು ಗುರಿಹಲಗೆಯ ಹತ್ತಿರ ಕರೆದೊಯ್ದು ತೂತುಗಳ ನಡುವಿನ ಅಂತರ ಅಳೆಯುತ್ತಾರೆ. ನಡುಬಿಂದುವಿಗೆ ಬಿತ್ತೋ ಇಲ್ಲವೋ ಮೊದಲ ದಿನ ಕೇಳುವುದಿಲ್ಲ. ಐದೂ ಒಂದೇ ಕಡೆ ಗುಂಪಾಗಿ ಬಿದ್ದರೆ ಸಾಕು; ಕೈ ಅಲುಗಿಲ್ಲವೆಂದು ಅರ್ಥ, ಉಳಿದದ್ದು ರೈಫಲ್ಲಿನ ಗುರಿಕಣ್ಣು ಸರಿಪಡಿಸುವ ಕೆಲಸ.

ಪ್ರತಿ ಶಿಬಿರದ ಮೊದಲ ವಾರ ಮಾತ್ರ ನರಕ. ಹತ್ತು ತಿಂಗಳು ಊರಲ್ಲಿ ಹೋಳಿಗೆ ತಿಂದು ಬೆಳೆಸಿದ ಹೊಟ್ಟೆ ಹೊತ್ತು, ಬೆನ್ನಿಗೆ ಪಿಠ್ಠು ಚೀಲ, ಕೈಯಲ್ಲಿ ರೈಫಲ್ ಹಿಡಿದು ಐದು ಕಿಲೋಮೀಟರ್ ಓಡಬೇಕು. ಅದು ಮುಗಿದ ಮೇಲೆ ಹಗ್ಗ ಹತ್ತಬೇಕು. ಲಂಗರಿನ, ಅಂದರೆ ಶಿಬಿರದ ಅಡುಗೆಮನೆಯ, ಪೂರಿ ಆಲೂ ಆಗ ಅಮೃತ. ಜೋಳದ ರೊಟ್ಟಿಯ ನೆನಪು ಹದಿನೈದು ದಿನಕ್ಕೆ ಮೇಲೇಳುತ್ತದೆ.

ಖಾಯಂ ಸೈನಿಕರು ನಮ್ಮನ್ನು ಮೊದಮೊದಲು ನಗುತ್ತಲೇ ನೋಡುತ್ತಾರೆ. ನೋಟ ಬದಲಾಗುವುದು ಪೋಸ್ಟಿನಲ್ಲಿ. ಜಮ್ಮುವಿನಾಚೆ ಒಂದು ರಸ್ತೆ ಕಾಯುವ ಕೆಲಸಕ್ಕೆ ಹೋಗಿದ್ದಾಗ ಜನರೇಟರ್ ಕೆಟ್ಟಿತು. ಮೆಕ್ಯಾನಿಕ್ ಬರಲು ಹಿಮ ಬಿಡಬೇಕಿತ್ತು. ನಮ್ಮ ಒಂದೇ ಪ್ಲಟೂನಿನಲ್ಲಿ ಪಂಪ್‌ಸೆಟ್ ರಿಪೇರಿಯವನಿದ್ದ, ವೆಲ್ಡಿಂಗಿನವನಿದ್ದ, ಬಡಿಗ ಇದ್ದ, ಡೀಸೆಲ್ ಎಂಜಿನ್ ಒಳಹೊರಗು ಬಲ್ಲ ನಾನಿದ್ದೆ. ಸಂಜೆಗೆ ದೀಪ ಹತ್ತಿತು. ಅರ್ಧ ಮಿಲ್ಟ್ರಿಯ ಉಳಿದರ್ಧ ಯಾವುದಕ್ಕೆ ಎಂದು ಕೇಳುವವರಿಗೆ ನಾನು ಈ ಜನರೇಟರ್ ತೋರಿಸುತ್ತೇನೆ.

ಕಷ್ಟ ಇರುವುದು ಓಟದಲ್ಲೂ ಅಲ್ಲ, ಚಳಿಯಲ್ಲೂ ಅಲ್ಲ, ನಡುವಿನ ಕಾಲದಲ್ಲಿ. ಸೇವೆಗೆ ಕರೆದುಕೊಂಡರೆ ‘ಎಂಬಾಡಿ’, ಮನೆಗೆ ಕಳಿಸಿದರೆ ‘ಡಿಸ್‌ಎಂಬಾಡಿ’. ಎಂಬಾಡಿ ಇದ್ದಷ್ಟು ದಿನ ಖಾಯಂ ಸಿಪಾಯಿಯಂತೆಯೇ ಸಂಬಳ, ಭತ್ಯೆ. ಮನೆಗೆ ಬಂದ ದಿನದಿಂದ ಅದು ನಿಂತಿತು. ಕಾಗದದ ಮೇಲೆ ಟಿಎ ಎಂದರೆ ಎರಡು ತಿಂಗಳು. ವಾಸ್ತವದಲ್ಲಿ ಕಾಲಾಳು ಬೆಟಾಲಿಯನ್ನುಗಳನ್ನು ಕಾಶ್ಮೀರಕ್ಕೆ, ಈಶಾನ್ಯಕ್ಕೆ ವರ್ಷಗಟ್ಟಲೆ ಕರೆಸಿಕೊಂಡದ್ದುಂಟು. ಆಗ ಊರಿನ ದುಡಿಮೆಯ ಗತಿ? ನೌಕರಿಯಲ್ಲಿದ್ದವನನ್ನು ಮಾಲೀಕ ಮರಳಿ ಸೇರಿಸಿಕೊಳ್ಳಲೇಬೇಕೆಂದು ಟಿಎ ಕಾಯಿದೆಯ 7ಎ ಕಲಮು ಹೇಳುತ್ತದೆ. ನನ್ನ ಗೆಳೆಯನೊಬ್ಬ ಆ ಕಲಮಿನ ಪ್ರತಿ ಹಿಡಿದು ತನ್ನ ಫ್ಯಾಕ್ಟರಿಯ ಬಾಗಿಲಲ್ಲಿ ನಿಂತು ಗೆದ್ದ. ಆದರೆ ಕೊಟ್ಟದ್ದು ರಾತ್ರಿ ಪಾಳಿ. ಗಿರಣಿಯವನಿಗೆ ಯಾವ ಕಲಮೂ ಇಲ್ಲ. ಗಿರಾಕಿ ಒಮ್ಮೆ ಪಕ್ಕದೂರಿನ ಗಿರಣಿಗೆ ಹೋದರೆ ಹೋದಂತೆಯೇ. ಮೊದಲ ವರ್ಷ ಬಾಗಿಲಿಗೆ ಬೀಗ ಬಿದ್ದಿತ್ತು, ಯಾರೋ ಹುಡುಗರು ಸುಣ್ಣದಲ್ಲಿ ಬರೆದಿದ್ದರು: ಗಿರಣಿಯವ ಕ್ಯಾಂಪಿಗೆ ಹೋಗ್ಯಾನ. ಮರುವರ್ಷ ಹೆಂಡತಿ ಹೇಳಿದಳು: “ನೀವು ಹೋಗ್ರಿ. ಬೆಲ್ಟ್ ಹಾಕೂದು ಒಂದಿಷ್ಟು ತೋರಿಸಿ ಹೋಗ್ರಿ, ಉಳಿದದ್ದು ನಾ ನೋಡ್ಕೋತೀನಿ.” ಈಗ ನಾನು ಊರಲ್ಲಿದ್ದಾಗಲೂ ಗಲ್ಲಾಪೆಟ್ಟಿಗೆ ಅವಳ ಕೈಯಲ್ಲೇ.

2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜೊತೆ ಚಕಮಕಿ ನಡೆದಿದ್ದಾಗ, ಟಿಎಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಕಾಲಾಳು ಬೆಟಾಲಿಯನ್ನುಗಳ ಪೈಕಿ 14ನ್ನು ಕರೆಯಬಹುದು, 2028ರ ಫೆಬ್ರುವರಿಯ ತನಕ ಎಂದಿತ್ತು ಆದೇಶ. ಅವತ್ತು ಸಂಜೆ ಊರಿನವರು ಮನೆಗೆ ಬಂದು ಸಾವಿನ ಮನೆಗೆ ಬಂದವರ ಹಾಗೆ ಸುಮ್ಮನೆ ಕೂತರು. ಅದೇ ಹೊತ್ತಿಗೆ ನಮ್ಮ ಬಳಗದ ವಾಟ್ಸ್‌ಆ್ಯಪಿನಲ್ಲಿ ಹುಡುಗರು “ನಂಬರ್ ಬಂತೇನ್ರೋ?” ಎಂದು ಆಸೆಯಿಂದ ಕೇಳುತ್ತಿದ್ದರು. ಮಳೆ ನಂಬಿದ ಎರಡೆಕರೆಯವನಿಗೆ ಕರೆ ಎಂದರೆ ಮೊದಲು ದೇಶ ಹೌದು, ಜೊತೆಗೇ ತಿಂಗಳ ಸಂಬಳ. ಇದನ್ನು ಬಾಯಿಬಿಟ್ಟು ಹೇಳಲು ಏಕೆ ನಾಚಬೇಕು?

ಊರ ಹುಡುಗರು ಸೇರಲೇನು ಎಂದು ಕೇಳಲು ಬರುತ್ತಾರೆ. ನಾನು ಲೆಕ್ಕ ಹೇಳುತ್ತೇನೆ. ಸಿಪಾಯಿಗೆ ಪಿಂಚಣಿ ಬೇಕೆಂದರೆ ಎಂಬಾಡಿ ಸೇವೆಯೇ 15 ವರ್ಷ ಆಗಬೇಕು; ವರ್ಷಕ್ಕೆ ಎರಡೇ ತಿಂಗಳಂತೆ ಕೂಡಿಸುತ್ತ ಹೋದರೆ 90 ವರ್ಷ. ಕರೆ ಬಂದರೆ ಬಂತು, ಬಾರದಿದ್ದರೆ ಇಲ್ಲ. ಆಮೇಲೆ ಕೇಳುತ್ತೇನೆ: “ನೀ ಇಲ್ಲದಾಗ ಮನ್ಯಾಗ ಗಿರಣಿ ನಡಸೋರು ಯಾರದಾರೋ?”

“ಅದಿರಲಿ ಕಾಕಾ, ಓಟಕ್ಕ ಎಷ್ಟು ಟೈಮ್ ಕೊಡ್ತಾರ?” ಅನ್ನುತ್ತಾರೆ.