ಸಂಜೆಯ ಹೊತ್ತಿಗೊಂದು ಕೂಟ

ಆಸ್ಪತ್ರೆಯಲ್ಲಿದ್ದಾಗ ಕುಡಿತ ಬಿಟ್ಟವರು ಬಹಳ ಮಂದಿ ಸಿಗುತ್ತಾರೆ. ಮನೆಗೆ ಬಂದ ಮೇಲೂ ಬಿಟ್ಟೇ ಇರುವುದು ಬೇರೆ ಮಾತು. ವಾರ್ಡಿನಲ್ಲಿ ಬಾಟಲಿ ಇಲ್ಲ, ‘ಬಾರೋ, ಒಂದು ನೈಂಟಿ ಹಾಕೋಣ’ ಅನ್ನುವ ಗೆಳೆಯರಿಲ್ಲ, ಬಟವಾಡೆಯ ದಿನವೂ ಇಲ್ಲ. ಊರಿಗೆ ಮರಳಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ಕೆಲಸ ಮುಗಿಸಿ ಬಸ್ಸಿಳಿದರೆ ಎದುರಿಗೇ ವೈನ್‌ಶಾಪ್. ಹಗಲು ಹೇಗೋ ಕಳೆಯುತ್ತದೆ. ಕಷ್ಟವಾಗುವುದು ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತು. ಆದ್ದರಿಂದ ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಲು ಸೇರುವ ಕೂಟವನ್ನು ಹುಡುಕುವವರು ಅದರ ತತ್ವ, ಪ್ರಾರ್ಥನೆಗಳನ್ನು ವಿಚಾರಿಸುವ ಮೊದಲು, ಅದು ಎಷ್ಟು ಹೊತ್ತಿಗೆ ಸೇರುತ್ತದೆ, ಮನೆಯಿಂದ ಎಷ್ಟು ದೂರ ಎಂದು ಕೇಳುವುದು ವಾಸಿ.

ಇಂಥದ್ದೇ ಒಂದು ಕೆಟ್ಟ ಹೊತ್ತು ಒಂದು ದೊಡ್ಡ ಸಂಘಟನೆಗೆ ಕಾರಣವಾಯಿತು. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರ. ಷೇರು ವ್ಯವಹಾರದ ಬಿಲ್ ವಿಲ್ಸನ್ ನ್ಯೂಯಾರ್ಕಿನಿಂದ ಕೆಲಸದ ಮೇಲೆ ಬಂದಿದ್ದರು. ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಾಗಿತ್ತಷ್ಟೆ. ಅವರಿಳಿದಿದ್ದ ಹೋಟೆಲಿನ ಲಾಬಿಯ ಒಂದು ಕಡೆ ಬಾರು, ಅದರ ನಗು, ಗದ್ದಲ. ಇನ್ನೊಂದು ಕಡೆ ಟೆಲಿಫೋನು, ಜೊತೆಗೆ ಊರಿನ ಚರ್ಚುಗಳ ಪಟ್ಟಿ. ಅವರು ಫೋನಿನ ಕಡೆ ನಡೆದರು. ಪಾದ್ರಿಯೊಬ್ಬರಿಗೆ ಕರೆಮಾಡಿ, ನನ್ನ ಹಾಗೆಯೇ ಕುಡಿತಕ್ಕೆ ಬಿದ್ದ ಇನ್ನೊಬ್ಬರ ಜೊತೆ ಮಾತಾಡಬೇಕು ಎಂದು ಕೇಳಿಕೊಂಡರು. ಒಬ್ಬರಿಂದೊಬ್ಬರಿಗೆ ದಾಟಿ ಆ ಮಾತು ಅಲ್ಲಿಯ ಶಸ್ತ್ರವೈದ್ಯ ಬಾಬ್ ಸ್ಮಿತ್ ಅವರಿಗೆ ಮುಟ್ಟಿತು. ಕಾಲು ಗಂಟೆ ಸಾಕು ಎಂದುಕೊಂಡು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರ ಕೊನೆಯ ಕುಡಿತದ ದಿನ ಎನ್ನಲಾಗುವ ಜೂನ್ 10 ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನವಾಯಿತು. ಭಾರತದಲ್ಲಿ ಇದು 1957ರಲ್ಲಿ ಶುರುವಾಯಿತು. ಎಲ್ಲರೂ ಕರೆಯುವುದು ‘ಎಎ’ ಎಂದೇ.

ಎಎ ಮೀಟಿಂಗು ಸಾಮಾನ್ಯವಾಗಿ ಶಾಲೆಯ ಕೊಠಡಿಯಲ್ಲೋ ಚರ್ಚಿನ ಹಾಲಿನಲ್ಲೋ ನಡೆಯುತ್ತದೆ. ಗಂಟೆ, ಒಂದೂವರೆ ಗಂಟೆ. ಒಬ್ಬರು ಎದ್ದು ಹೆಸರು ಹೇಳಿ, ‘ನಾನೊಬ್ಬ ಆಲ್ಕೊಹಾಲಿಕ್’ ಎಂದು ಶುರುಮಾಡುತ್ತಾರೆ. ಕುಡಿದು ಕಳೆದುಕೊಂಡದ್ದು, ಈ ವಾರ ಹೇಗೆ ತಡೆದುಕೊಂಡದ್ದು, ಎಲ್ಲ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಹೊಸಬರು ಸುಮ್ಮನೆ ಕೂತು ಕೇಳಬಹುದು. ಫೀಸಿಲ್ಲ, ಕೊನೆಗೆ ಬರುವ ಡಬ್ಬಿಗೆ ಇಷ್ಟವಿದ್ದವರು ಹಾಕುತ್ತಾರೆ. ಸೇರಲು ಒಂದೇ ಷರತ್ತು, ಬಿಡಬೇಕೆಂಬ ಆಸೆ. ಬಿಟ್ಟೇ ಬರಬೇಕೆಂದಿಲ್ಲ. ಸಂಕೋಚಪಡುವ ನಮ್ಮ ಜನಕ್ಕೆ ಇದನ್ನು ಎರಡು ಸಲ ಹೇಳಬೇಕು. ದೇವರ ಮಾತು ಬರುತ್ತದೆ, ನಿಜ. ಆದರೆ ಅವರವರು ತಿಳಿದ ದೇವರು ಎಂಬ ಸಡಿಲಿಕೆ ಮೊದಲಿಂದಲೂ ಇದೆ.

ಇದರಿಂದ ಉಪಯೋಗವಿದೆಯೇ? 2020ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಜನರನ್ನು ಎಎಗೆ ಸೇರಿಸಲೆಂದೇ ರೂಪಿಸಿದ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ಕುಡಿತದಿಂದ ಪೂರ್ತಿ ದೂರವಿದ್ದವರು ಶೇ. 42; ಬೇರೆ ಚಿಕಿತ್ಸೆಗಳಲ್ಲಿ ಶೇ. 35. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ಜಾರಿದ್ದರು. ಜಾರಿದವರು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂರಬಹುದು ಎಂಬುದೇ ಕೂಟದ ದೊಡ್ಡ ಗುಣ ಎಂದು ನನಗೆ ಅನ್ನಿಸುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ ಇನ್ನೊಂದು ದಾರಿ ಹೆಚ್ಚು ಪರಿಚಿತ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಊರಿನ ಕಲ್ಯಾಣ ಮಂಟಪಗಳಲ್ಲಿ ಏಳೆಂಟು ದಿನ ನಡೆಯುತ್ತವೆ. ಶಿಬಿರ ಮುಗಿಸಿದವರದೇ ನವಜೀವನ ಸಮಿತಿ. ಶಿಬಿರದ ಗದ್ದಲಕ್ಕಿಂತ ಆಮೇಲೆ ಸೇರುವ ಈ ಸಮಿತಿಯೇ ಮುಖ್ಯ. ನಿಮ್ಮೂರಿನ ಸಮಿತಿ ಸೇರುತ್ತಿದೆಯೇ, ಹೆಸರಿಗಷ್ಟೇ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳಿ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಎಲ್ಲಿ ಕೇಳಬೇಕೆಂದು ತೋಚದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಬಹುದು, ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ, ಬೆಂಗಳೂರಾದರೆ ನಿಮ್ಹಾನ್ಸ್‌ನಲ್ಲಿ, ಡಿಸ್ಚಾರ್ಜ್ ಆಗುವ ಮೊದಲೇ ಹತ್ತಿರದ ಕೂಟದ ವಿಳಾಸ ಕೇಳಿ. ಒಂದು ಕೂಟ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಎಲ್ಲಿಯೂ ಇಲ್ಲದಿದ್ದರೆ, ಎಎಯ ಸಂಪ್ರದಾಯದಂತೆ ಬಿಡಬೇಕೆನ್ನುವ ಇಬ್ಬರು ಮೂವರು ಸೇರಿದರೂ ಅದೊಂದು ಕೂಟವೇ.

ಆದರೆ ಬೆಳಿಗ್ಗೆ ಎದ್ದಕೂಡಲೇ ಕೈ ನಡುಗಿ, ಕುಡಿದರಷ್ಟೇ ನಿಲ್ಲುವ ಹಂತಕ್ಕೆ ಹೋದವರು ಮೊದಲು ಡಾಕ್ಟರ ಬಳಿಗೇ ಹೋಗಬೇಕು. ಇಂಥವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೇ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಭ್ರಮೆ, ಜ್ವರ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು.

ಮನೆಯವರಿಗೂ ಒಂದು ಮಾತು. ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಗೋಡೆ ಜಾಹೀರಾತು ನೋಡಿ ಸಾರಿನಲ್ಲಿ ಮಾತ್ರೆ ಬೆರೆಸಬೇಡಿ. ಅದು ಡೈಸಲ್ಫಿರಾಮ್ ಎಂಬ ಔಷಧಿಯಾಗಿದ್ದರೆ, ತಿಳಿಯದೆ ಅದರ ಮೇಲೆ ಮದ್ಯ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಕಟ್ಟಿದ ಅಲ್-ಅನಾನ್ ಕುಡುಕರ ಮನೆಯವರಿಗಾಗಿಯೇ ಇರುವ ಕೂಟ. ಗಂಡನೋ ಮಗನೋ ಮೀಟಿಂಗಿಗೆ ಬರಲೊಲ್ಲೆ ಎಂದರೂ ಮನೆಯವರು ಅಲ್ಲಿಗೆ ಹೋಗಬಹುದು.