ಪರದೆಯಲ್ಲಿ ಕಂಡ ತೆಂಗಿನ ಮರ

ಮೊಮ್ಮಗಳು ಎಂಟನೇ ತರಗತಿಗೆ ಬಂದಾಗ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಲು ಶಿವಮೊಗ್ಗಕ್ಕೆ ಹೋಗಿದ್ದೆವು. ಅಂಗಡಿಯಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದರ ಪರದೆ ಗ್ಲಾಸಿ, ಅಂದರೆ ಹೊಳಪಿನದು. ಇನ್ನೊಂದು ಮ್ಯಾಟ್, ಹೊಳಪಿಲ್ಲದ್ದು. ಹೊಳಪಿನ ಪರದೆಯ ಮೇಲೆ ನವಿಲಿನ ಚಿತ್ರ. ಆ ಗರಿಯ ನೀಲಿ ಕಣ್ಣಿಗೆ ಹಬ್ಬ! ಪಕ್ಕದ್ದು ಅದರ ಮುಂದೆ ಸಪ್ಪೆ. “ಅಜ್ಜ, ಇದೇ ಇರಲಿ” ಎಂದಳು. ಪಿಂಚಣಿಯಲ್ಲಿ ಉಳಿಸಿದ ದುಡ್ಡು ಕೊಟ್ಟು ತಂದೆವು.

ಹದಿನೈದು ದಿನ ಕಳೆಯಿತು. ಜಗಲಿಯಲ್ಲಿ ಪಾಠ ಓದಲು ಕೂತವಳು ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದಳು. ಕೂತಷ್ಟು ಹೊತ್ತೂ ಕುತ್ತಿಗೆ ಓರೆ, ಕಣ್ಣು ಕಿರಿದು. “ಇಷ್ಟು ದುಡ್ಡು ಸುರಿದದ್ದು ಇದಕ್ಕೇನಾ?” ಎಂದು ಒಂದು ದಿನ ಗದರಿಬಿಟ್ಟೆ. ಅವಳು ಮಾತಾಡದೆ ಒಳಗೆ ಹೋದಳು.

ಮರುದಿನ ಮಗ ಕಳಿಸಿದ ಇಮೇಲ್ ಓದಲು ನಾನೇ ಆ ಕುರ್ಚಿಯಲ್ಲಿ ಕೂತೆ. ಪರದೆಯಲ್ಲಿ ಕಂಡದ್ದೇನು ಗೊತ್ತೇ? ನನ್ನ ಬೆನ್ನ ಹಿಂದಿನ ಅಂಗಳದ ತೆಂಗಿನ ಮರ, ಹಗ್ಗದ ಮೇಲಿನ ಪಂಚೆ, ನನ್ನದೇ ಬೋಳು ತಲೆ! ಅಕ್ಷರಗಳನ್ನು ಇವುಗಳ ನಡುವೆ ಹುಡುಕಬೇಕಾಗಿತ್ತು.

“ಮೊದಲೇ ಹೇಳಬಾರದಿತ್ತೇನೇ?” ಎಂದು ಕೇಳಿದೆ.

“ನಾನೇ ಆರಿಸಿದ್ದಲ್ವಾ ಅಜ್ಜ? ದುಡ್ಡು ಹಾಳಾಯ್ತು ಅಂತ ನಿಂಗೆ ಬೇಜಾರಾಗುತ್ತಲ್ಲ” ಎಂದಳು.

ಅಷ್ಟರಲ್ಲಿ ಅವಳ ಅಜ್ಜಿ ಅಡುಗೆಮನೆಯಿಂದ ಎರಡು ಸ್ಟೀಲ್ ತಟ್ಟೆ ತಂದಳು. ಹೊಸ ತಟ್ಟೆಯಲ್ಲಿ ಮುಖ ಸ್ಪಷ್ಟ. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಗೀರು ಬಿದ್ದ ತಟ್ಟೆಯಲ್ಲಿ ಬರೀ ಮಸುಕು. ಮಕ್ಕಳೇ, ನೀವೂ ಮಾಡಿ ನೋಡಿ. ನಯವಾದ ಮೈಗೆ ಬಿದ್ದ ಬೆಳಕು ಒಂದೇ ಶಿಸ್ತಿನಲ್ಲಿ ಹಿಂದಿರುಗುತ್ತದೆ, ಬಿಂಬ ಮೂಡುತ್ತದೆ. ಒರಟು ಮೈಗೆ ಬಿದ್ದದ್ದು ದಿಕ್ಕುದಿಕ್ಕಿಗೆ ಚದುರುತ್ತದೆ. ಮ್ಯಾಟ್ ಪರದೆಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒರಟುತನ ಇರುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಆ ಒರಟುತನ ಪರದೆಯ ಒಳಗಿಂದ ಬರುವ ಬೆಳಕನ್ನೂ ಕೊಂಚ ಚದುರಿಸುತ್ತದೆ. ಅದಕ್ಕೇ ಮ್ಯಾಟ್‌ನಲ್ಲಿ ಬಣ್ಣ ತುಸು ಮಂಕು. ನೇರ ಬಿಸಿಲು ಬಿದ್ದರೆ ಅದೂ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಮದುವೆ ಫೋಟೊ ತೊಳೆಸುವಾಗ ಸ್ಟುಡಿಯೊದವರು “ಗ್ಲಾಸಿಯೋ, ಮ್ಯಾಟೋ?” ಎಂದು ಕೇಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇದೂ ಅದೇ ಲೆಕ್ಕ.

ಹಾಗಾದರೆ ಯಾವುದು ಒಳ್ಳೆಯದು? ಬೆಳಕನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ, ಫೋಟೊ ತಿದ್ದುವವರಿಗೆ ಗ್ಲಾಸಿ ಚೆಂದ. ಮುಟ್ಟಿ ಬಳಸುವ ಟಚ್ ಪರದೆಗಳೂ ಹೆಚ್ಚಾಗಿ ಗ್ಲಾಸಿಯೇ. ಜಗಲಿಯಲ್ಲೋ ದೊಡ್ಡ ಕಿಟಕಿಯ ಹಜಾರದಲ್ಲೋ ಗಂಟೆಗಟ್ಟಲೆ ಓದಿ ಬರೆಯುವವರಿಗೆ ಮ್ಯಾಟ್ ಹಿತ.

ಅಂಗಡಿಯಲ್ಲಿ ನಾವು ಮೋಸ ಹೋದದ್ದು ನವಿಲಿಗೆ. ಅಲ್ಲಿ ನಮ್ಮ ಬೆನ್ನ ಹಿಂದೆ ಕಿಟಕಿಯೇ ಇರಲಿಲ್ಲ. ನೀವು ಹೋದಾಗ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ. ಮೊದಲು ಪರದೆ ಆರಿಸಿ ನೋಡಿ. ಅದರಲ್ಲಿ ಬೀದಿಯೆಲ್ಲ ಕಂಡರೆ ಮನೆಯಲ್ಲಿ ಅಂಗಳವೂ ಕಾಣುತ್ತದೆ. ಆಮೇಲೆ ಬಣ್ಣದ ಚಿತ್ರ ಬೇಡ, ಅಕ್ಷರ ತುಂಬಿದ ಪುಟ ತೆರೆಸಿ ಓದಿ. ಪರದೆ ಎಷ್ಟು ಪ್ರಖರ ಎಂಬುದನ್ನೂ ಕೇಳಿ. ಅದನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬೆಳಕಿನ ಜಾಗದಲ್ಲಿ ಕೂರುವವರಿಗೆ 250ಕ್ಕಿಂತ 300 ಅಥವಾ ಹೆಚ್ಚು ಇದ್ದರೆ ಅನುಕೂಲ.

ಆಗಲೇ ಗ್ಲಾಸಿ ಕೊಂಡಿದ್ದರೆ? ಪರದೆಯ ಅಳತೆಗೆ ಸರಿಯಾದ ಮ್ಯಾಟ್ ಹಾಳೆ ಅಂಟಿಸಬಹುದು. ಅಕ್ಷರ ಕೊಂಚ ಮೃದುವಾಗಿ ಕಾಣುತ್ತದೆ. ನಾವು ಅದಕ್ಕೂ ಮೊದಲು ಮೇಜು ತಿರುಗಿಸಿದೆವು. ಅಂಗಳ ಬೆನ್ನ ಹಿಂದಿನಿಂದ ಪಕ್ಕಕ್ಕೆ ಬಂತು, ತೆಂಗಿನ ಮರ ಪರದೆ ಬಿಟ್ಟು ಹೋಯಿತು. ಒಂದು ಪೈಸೆಯೂ ಖರ್ಚಾಗಲಿಲ್ಲ.

ಅಂದು ಮೊಮ್ಮಗಳು ಒಂದು ಗಂಟೆ ಕದಲದೆ ಓದಿದಳು. “ಸುಮ್ಮನೆ ಬೈದೆ ಪುಟ್ಟಿ, ತಪ್ಪಾಯಿತು” ಎಂದೆ. “ಹೋಗ್ಲಿ ಬಿಡು ಅಜ್ಜ” ಎಂದು ನಕ್ಕಳು.

ಅಜ್ಜ ಅಜ್ಜಿಯರೇ, ಮಗು ಕಣ್ಣು ಕಿರಿದು ಮಾಡಿದರೆ ಗದರುವ ಮೊದಲು ಅದರ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿ. ಬೆಳಕು ಸರಿಯಿದ್ದೂ ಹಾಗೇ ಮಾಡಿದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.