ಹಿಡಿದೂ ಬಿಡುವ ನೀರು

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಈ ‘ಇಲ್ಲ’ಗಳ ಪಟ್ಟಿ ಸಾಲದು. ನೀರಿಗೆ ಏನಿದೆ ಎಂಬುದನ್ನು ಅವರು ತಿಳಿಯಬೇಕು. ಜೀವ ನಿಂತಿರುವುದು ಅದರ ಮೇಲೆ.

ನೀರಿನ ಅಣುವಿನಲ್ಲಿ ಆಮ್ಲಜನಕದ ಜಾಗಕ್ಕೆ ಅದೇ ಬಳಗದ ಗಂಧಕ ಬಂದು ಕೂತರೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಅದರ ಅಣು ನೀರಿನದಕ್ಕಿಂತ ಸುಮಾರು ಎರಡು ಪಟ್ಟು ಭಾರ. ಆದರೂ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಅದು ಕುದಿದು ಅನಿಲವಾಗುತ್ತದೆ. ಹಗುರವಾದ ನೀರು ಮಾತ್ರ 100 ಡಿಗ್ರಿಯವರೆಗೆ ದ್ರವವಾಗಿಯೇ ಉಳಿಯುತ್ತದೆ.

ಗುಟ್ಟು ಅಣುವಿನ ಆಕಾರದಲ್ಲಿದೆ. ಎರಡು ಹೈಡ್ರೋಜನ್‌ಗಳು ಆಮ್ಲಜನಕದ ಆಚೀಚೆ ನೇರ ಗೆರೆಯಲ್ಲಿಲ್ಲ, 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಎಲೆಕ್ಟ್ರಾನುಗಳನ್ನು ಆಮ್ಲಜನಕ ತನ್ನತ್ತ ಎಳೆದುಕೊಳ್ಳುವುದರಿಂದ ಆ ಕಡೆ ಚೂರು ಋಣ, ಹೈಡ್ರೋಜನ್ ಕಡೆ ಚೂರು ಧನ. ಒಂದು ಅಣುವಿನ ಧನ ತುದಿ ಪಕ್ಕದ ಅಣುವಿನ ಋಣ ತುದಿಯನ್ನು ಹಿಡಿಯುತ್ತದೆ. ಇದೇ ಹೈಡ್ರೋಜನ್ ಬಂಧ. ಅಣುವಿನೊಳಗಿನ ಬಂಧದ ಮುಂದೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಕೋಲಾಟದವರು ಒಬ್ಬರ ಕೋಲಿಗೆ ತಾಗಿಸಿ ಮುಂದಿನವರತ್ತ ಹೊರಳುವ ಹಾಗೆ, ಅಣುಗಳು ಹಿಡಿದು ಬಿಟ್ಟು ಮತ್ತೊಂದನ್ನು ಹಿಡಿಯುತ್ತವೆ. ಈ ದುರ್ಬಲ ಹಿಡಿತವೇ ನಮ್ಮನ್ನೆಲ್ಲ ಕಾಯುತ್ತಿದೆ.

ಕಲಬುರಗಿಯಲ್ಲೂ ಹೊನ್ನಾವರದಲ್ಲೂ ಪಾಠ ಮಾಡಿದ ನನಗೆ ಇದು ಮೈಯ ಅನುಭವ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖ, ಅಷ್ಟೇ ಒಣ ಮರಳನ್ನು ಐದು ಡಿಗ್ರಿ ಏರಿಸಬಲ್ಲದು. ನೀರಿಗೆ ಕೊಟ್ಟ ಶಾಖದ ದೊಡ್ಡ ಪಾಲು ಆ ಹಿಡಿತಗಳನ್ನು ಸಡಿಲಿಸುವುದಕ್ಕೇ ಖರ್ಚಾಗುತ್ತದೆ. ಅದಕ್ಕೇ ಕಲಬುರಗಿಯ ನೆಲ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಕಾದರೂ ಕಡಲ ತಡಿಯ ಹೊನ್ನಾವರ ಅಷ್ಟು ಕಾಯುವುದಿಲ್ಲ. ಬೆವರಿನದೂ ಇದೇ ಕಥೆ. ಒಂದು ಲೀಟರ್ ಬೆವರು ಆರುವಾಗ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಇಳಿಯುತ್ತದೆ, ಮೈ ತಂಪಾಗುವುದಿಲ್ಲ.

ಚಳಿಯಲ್ಲೂ ನೀರಿನ ನಡತೆ ಬೇರೆಯೇ. 4 ಡಿಗ್ರಿಯಲ್ಲಿ ಅದು ಅತಿ ಸಾಂದ್ರ. ಇನ್ನೂ ತಣಿದರೆ ಅಣುಗಳು ನಡುವೆ ಜಾಗ ಬಿಟ್ಟು ಜೋಡಿಸಿಕೊಳ್ಳುತ್ತವೆ, ಮಂಜುಗಡ್ಡೆ ಹಗುರಾಗಿ ತೇಲುತ್ತದೆ. ಕಾಶ್ಮೀರದ ದಾಲ್ ಸರೋವರದ ಮೇಲ್ಮೈ ಹೆಪ್ಪುಗಟ್ಟಿದಾಗಲೂ ಕೆಳಗೆ ಮೀನುಗಳು ಬದುಕಿರುವುದು ಇದರಿಂದ.

ನಮ್ಮ ಅಡಿಕೆ ಮರ ಪಂಪಿಲ್ಲದೆ ನೆತ್ತಿಗೆ ನೀರೇರಿಸುವುದೂ ಇದೇ ಹಿಡಿತದಿಂದ. ಸೋಗೆಯಿಂದ ನೀರು ಆವಿಯಾದಂತೆ ಕೆಳಗಿನ ನೀರಿನ ಎಳೆ ಕಡಿಯದೆ ಮೇಲಕ್ಕೆ ಜಗ್ಗಲ್ಪಡುತ್ತದೆ. ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಇದನ್ನು ಮುಂದಿಟ್ಟರು. ಬುಡ ತೀರಾ ಒಣಗಿದರೆ ಜಗ್ಗಾಟ ಹೆಚ್ಚಿ ಎಳೆಯಲ್ಲಿ ಗಾಳಿಗುಳ್ಳೆ ಹುಟ್ಟುತ್ತದೆ, ಎಳೆ ಕಡಿಯುತ್ತದೆ.

ಧನ-ಋಣದ ಇದೇ ತುದಿಗಳು ಉಪ್ಪನ್ನು ಬಿಡಿಸಿ ಕರಗಿಸುತ್ತವೆ. ರಕ್ತ ಲವಣಗಳನ್ನು, ಬೇರು ಪೋಷಕಾಂಶಗಳನ್ನು ಸಾಗಿಸುವುದು ಹೀಗೆ. ಆದರೆ ಕರಗಿಸುವಾಗ ನೀರು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಪಾವಗಡದಂಥ ಕಡೆ ಬಂಡೆಯ ನಡುವೆ ಬಹುಕಾಲ ನಿಂತ ಅಂತರ್ಜಲ ಫ್ಲೋರೈಡನ್ನು ಕರಗಿಸಿಕೊಂಡಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆ ಬಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಬಂಡೆ ಸೋಕದ ಮಳೆನೀರಿನಲ್ಲಿ ಈ ಕಾಟವಿಲ್ಲ. ಅಂಥ ಊರುಗಳ ಪ್ರತಿ ಶಾಲೆಯ ಸೂರಿನ ನೀರೂ ಶುದ್ಧವಾಗಿ ತೊಟ್ಟಿ ಸೇರಬೇಕು, ಮಕ್ಕಳು ಅದನ್ನೇ ಕುಡಿಯಬೇಕು. ನೀರಿನ ಪಾಠವನ್ನು ನಾವು ಕಲಿತದ್ದು ನಿಜವಾದರೆ ಮಾಡಬೇಕಾದ ಮೊದಲ ಕೆಲಸ ಇದು.